ಗಿಟಾರ್ ಮೂಲೆಗಿಡಿ, ಕತ್ತರಿ ಹಿಡಿಯಿರಿ: ಸ್ಲ್ಯಾಮ್ ಕಟ್ಟಿಸಿ ಫ್ರೆಂಚ್ ಓದು-ಬರಹ ಕಲಿಸುವ ಬಗೆ

ಪ್ಯಾರಿಸ್ಸಿನ ಉತ್ತರ ಅಂಚಿನ ಸ್ಯಾಂ-ದೆನಿಯ ಕಲಾವಿದ ಗ್ರಾಂ ಕೋರ್ ಮಾಲಾದ್ 2006ರಲ್ಲಿ ಮೊದಲ ಆಲ್ಬಂ ತಂದ ಮೇಲೆ ಸ್ಲ್ಯಾಮ್ ಎಂಬ ಮಾತು ಫ್ರಾನ್ಸಿನ ಮನೆಮನೆಗೂ ಗೊತ್ತಾಯಿತು. ಸ್ಲ್ಯಾಮ್ ಹಾಡಲ್ಲ, ಭಾಷಣವೂ ಅಲ್ಲ. ತಾನೇ ಬರೆದದ್ದನ್ನು ಲಯ ಹಿಡಿದು ಜನರೆದುರು ಹೇಳುವುದು. 1980ರ ದಶಕದಲ್ಲಿ ಷಿಕಾಗೋದ ಬಾರುಗಳಲ್ಲಿ ಹುಟ್ಟಿದ್ದು ಅಟ್ಲಾಂಟಿಕ್ ದಾಟಿ ಬಂತು. ಗ್ರಾಂ ಕೋರ್ ಮಾಲಾದ್ ವೇದಿಕೆ ಹತ್ತಿದ್ದಷ್ಟೇ ಅಲ್ಲ, ಬೇರೆಯವರ ಕೈಲಿ ಬರೆಸುವ ಕೂಟಗಳನ್ನೂ ನಡೆಸಿದರು. ಇಂಥ ಕೂಟಕ್ಕೆ ಅಲ್ಲಿ ಆತೆಲಿಯೇ ಎನ್ನುತ್ತಾರೆ. ಈಗ ಎಷ್ಟೋ ಸಂಗೀತಗಾರರು ದುಡ್ಡು ತೆಗೆದುಕೊಳ್ಳದೆ ಗ್ರಂಥಾಲಯ, ಸಮುದಾಯ ಕೇಂದ್ರ, ಜೈಲುಗಳಲ್ಲಿ ಇದನ್ನು ಮಾಡುತ್ತಾರೆ.

ನಮ್ಮ ಸಾಕ್ಷರತಾ ಆಂದೋಲನದ ಕಲಾಜಾಥಾ ನೋಡಿದವರಿಗೆ ಇದು ಹೊಸದೇನಲ್ಲ ಅನಿಸಬಹುದು. ಒಂದು ವ್ಯತ್ಯಾಸವಿದೆ. ಜಾಥಾದ ಹಾಡು ಜನರನ್ನು ತರಗತಿಯ ತನಕ ಕರೆತರುತ್ತಿತ್ತು, ಪಾಠ ಆಮೇಲೆ ಬೇರೆಯೇ ನಡೆಯುತ್ತಿತ್ತು. ಇಲ್ಲಿ ಕಟ್ಟಿದ ಸಾಲೇ ಪಾಠ. ಫ್ರಾನ್ಸ್, ಬೆಲ್ಜಿಯಂ, ಕ್ವಿಬೆಕ್‌ನಲ್ಲಿ ನೆಲೆಸಿರುವ, ವಾದ್ಯವೋ ಕಂಠವೋ ಕೈಯಲ್ಲಿರುವ ಕನ್ನಡಿಗರು ಹತ್ತು ವಾರದಲ್ಲಿ ಇಂಥ ಕೂಟವೊಂದನ್ನು ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ.

ಮೊದಲು ಗೊತ್ತಿರಬೇಕಾದದ್ದು: ಇವರಿಗೆ ಫ್ರೆಂಚ್ ಬರುತ್ತದೆ

ಫ್ರೆಂಚರು ಮೂರು ಬಗೆಯ ಜನರನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ, ಮೂರನ್ನೂ ನಾವು ಅನಕ್ಷರಸ್ಥರು ಅಂದುಬಿಡುತ್ತೇವೆ. ಶಾಲೆಯ ಮುಖವನ್ನೇ ನೋಡದವರು ಒಂದು. ಬೇರೆ ಭಾಷೆಯಲ್ಲಿ ಓದಿ ಬರೆದು ಈಗ ಫ್ರೆಂಚ್ ಕಲಿಯುತ್ತಿರುವವರು ಇನ್ನೊಂದು. ಫ್ರಾನ್ಸಿನಲ್ಲೇ ಶಾಲೆಗೆ ಹೋಗಿಯೂ ಒಂದು ಸರಳ ಚೀಟಿ ಓದಿ ಅರ್ಥಮಾಡಿಕೊಳ್ಳಲಾಗದವರು ಮೂರನೆಯ ಗುಂಪು, ಈ ಕೂಟ ಇವರಿಗಾಗಿ. ಈ ಮೂರನೆಯದಕ್ಕೆ ಇಲೆತ್ರಿಸ್ಮ್ ಎಂಬ ಹೆಸರು ಬಿದ್ದದ್ದು 1970ರ ದಶಕದ ಕೊನೆಗೆ, ಬಡವರ ನಡುವೆ ಕೆಲಸ ಮಾಡುವ ಎಟಿಡಿ ಕಾರ್ ಮೋಂದ್ ಸಂಘಟನೆಯಿಂದ. ಅದನ್ನು ಎದುರಿಸಲೆಂದೇ ಎಎನ್‌ಎಲ್‌ಸಿಐ ಎಂಬ ರಾಷ್ಟ್ರೀಯ ಸಂಸ್ಥೆ 2000ದಲ್ಲಿ ಆರಂಭವಾಯಿತು. 2011ರ ಸಮೀಕ್ಷೆಯಲ್ಲಿ, ಫ್ರಾನ್ಸಿನಲ್ಲಿ ಶಾಲೆ ಕಲಿತ 18ರಿಂದ 65 ವರ್ಷದವರಲ್ಲಿ ಶೇ. 7, ಅಂದರೆ ಸುಮಾರು 25 ಲಕ್ಷ ಮಂದಿ ಈ ಸ್ಥಿತಿಯಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಜನ ಕೆಲಸದಲ್ಲಿದ್ದವರು. ಹತ್ತರಲ್ಲಿ ಏಳು ಮಂದಿ ಚಿಕ್ಕಂದಿನಲ್ಲಿ ಮನೆಯಲ್ಲಿ ಫ್ರೆಂಚನ್ನಷ್ಟೇ ಆಡಿ ಬೆಳೆದವರು.

ಕೂಟದ ಸ್ವರೂಪವನ್ನೆಲ್ಲ ಈ ಎರಡು ಸಂಗತಿ ತೀರ್ಮಾನಿಸುತ್ತವೆ. ಕೆಲಸಕ್ಕೆ ಹೋಗುವವರಾದ್ದರಿಂದ ಹಗಲು ಮೂರು ಗಂಟೆಗೆ ಇಟ್ಟರೆ ಯಾರೂ ಬರುವುದಿಲ್ಲ. ಬೆಳಗಿನ ಜಾವ ಕಚೇರಿ ಗುಡಿಸುವವರು, ರಾತ್ರಿ ಪಾಳಿಯವರು ಇರುವ ಬಡಾವಣೆಯಾದರೆ ಸಂಜೆ ಆರೂವರೆಗಿಂತ ಶನಿವಾರ ಬೆಳಗ್ಗೆ ಹತ್ತು ಗಂಟೆ ಒಳ್ಳೆಯದು. ಇನ್ನು, ಅವರ ಬಾಯಲ್ಲಿ ಫ್ರೆಂಚ್ ಸಲೀಸು. ತೊಡಕಿರುವುದು ಸದ್ದಿಗೂ ಅಕ್ಷರಕ್ಕೂ ನಡುವಿನ ಹಾದಿಯಲ್ಲಿ. ಆ ಹಾದಿಯಲ್ಲಿ ಲಯ ಬಲ್ಲವನಿಗೆ ಮೇಷ್ಟರಿಗಿಂತ ಒಂದು ಹೆಜ್ಜೆ ಅನುಕೂಲ, ಯಾಕೆಂದರೆ ಅವನು ಸದ್ದನ್ನು ಎಣಿಸಬಲ್ಲ.

ಆದ್ದರಿಂದ ಮೂರು ಗುಂಪನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಡಿ. ಫ್ರೆಂಚನ್ನೇ ಹೊಸದಾಗಿ ಕಲಿಯುತ್ತಿರುವವರಿಗೆ ಇಲ್ಲಿನ ಅರ್ಧ ಉಪಾಯಗಳು ಉಪಯೋಗಕ್ಕೆ ಬರುವುದಿಲ್ಲ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಜನರನ್ನು ಸೇರಿಸುವುದು

ಪೋಸ್ಟರಿನಲ್ಲಿ ಇಲೆತ್ರಿಸ್ಮ್ ಎಂಬ ಮಾತು ಬರೆಯಬೇಡಿ. ಬರೆದರೆ ಬೇಕಾದವರು ಬರುವುದಿಲ್ಲ, ಬೇಡದವರು ಫೋಟೊ ತೆಗೆಯಲು ಬರುತ್ತಾರೆ. ಓದಲು ಬಾರದವರಿಗೆ ಪೋಸ್ಟರ್ ಅಂಟಿಸುವುದೇ ಒಂದು ತಮಾಷೆ. ಮಾತಿನ ಮೂಲಕ ಕರೆಯಿರಿ: ಬಡಾವಣೆಯ ಸಮಾಜ ಕಾರ್ಯಕರ್ತೆ, ಮಕ್ಕಳ ಶಾಲೆಯ ಬಾಗಿಲಲ್ಲಿ ನಿಲ್ಲುವ ತಾಯಂದಿರು, ಆಹಾರ ಹಂಚುವ ಸಂಘದವರು. ಅವರ ಬಾಯಲ್ಲಿ ಹೋಗಬೇಕಾದ ಮಾತು ಇಷ್ಟೇ: "ಶನಿವಾರ ಸ್ಲ್ಯಾಮ್ ಆತೆಲಿಯೇ ಇದೆ, ಬರವಣಿಗೆ ಬರದಿದ್ದರೂ ನಡೆಯುತ್ತೆ."

ಎಂಟು ಜನ ಸರಿಯಾದ ಸಂಖ್ಯೆ. ಹನ್ನೆರಡು ಹೆಸರು ಬರೆದುಕೊಳ್ಳಿ, ಎಂಟು ಮಂದಿ ಉಳಿಯುತ್ತಾರೆ. ನಡೆಸುವವರು ಇಬ್ಬರು ಇರಲೇಬೇಕು: ನೀವು ಮತ್ತು ವಯಸ್ಕರಿಗೆ ಓದು ಕಲಿಸಿ ಪಳಗಿದ ಒಬ್ಬ ಫೋರ್ಮತ್ಯೋರ್. ಸಂಗೀತಗಾರ ಒಬ್ಬನೇ ಹೊರಟರೆ ನಾಲ್ಕನೆಯ ವಾರಕ್ಕೆ ಅದು ಕವಿಗೋಷ್ಠಿಯಾಗುತ್ತದೆ, ಮೇಷ್ಟರೊಬ್ಬರೇ ಹೊರಟರೆ ಎರಡನೆಯ ವಾರಕ್ಕೇ ಶಾಲೆ.

ಜಾಗ ಯಾವುದಾದರೂ ಆದೀತು, ಶಾಲೆಯ ಕೋಣೆಯೊಂದು ಬಿಟ್ಟು. ಅಲ್ಲಿ ಸೋತು ಹೊರಬಂದವರನ್ನು ಮತ್ತೆ ಅದೇ ಬೆಂಚಿಗೆ ಕರೆಯುವುದು ಬೇಡ. ಊರಿನ ಮೆದಿಯಾತೆಕ್ ಎಂಬ ಗ್ರಂಥಾಲಯದಲ್ಲಿ ಒಂದು ಮುಚ್ಚಿದ ಕೋಣೆ ಕೇಳಿ. ಗಾಜಿನ ಗೋಡೆಯದಾದರೆ ಬೇಡ.

ಬೇಕಾಗುವ ಸಾಮಾನು: ಒಬ್ಬೊಬ್ಬರಿಗೆ ಒಂದು ಎ5 ಅಳತೆಯ ಗೆರೆ ಹಾಕಿದ ನೋಟ್‌ಬುಕ್ಕು ಮತ್ತು ಮೆತ್ತನೆಯ ಪೆನ್ಸಿಲ್ಲು, ಸ್ಟ್ಯಾಂಡಿನ ಮೇಲೆ ನಿಲ್ಲುವ ದೊಡ್ಡ ಕಾಗದದ ಹಾಳೆಗಳು, ಕಪ್ಪು ಮತ್ತು ನೀಲಿ ಮಾರ್ಕರ್, ಚದರ ಮೀಟರಿಗೆ ಸುಮಾರು 160 ಗ್ರಾಂ ತೂಗುವ ದಪ್ಪ ಕಾಗದ, ಎರಡು ಕತ್ತರಿ, ಎಂಟು ಲಕೋಟೆ, ತಾಳದ ಬಡಿತ ಕೊಡುವ ಮೆಟ್ರೊನೋಮ್ ಇರುವ ಮೊಬೈಲು. ಜತೆಗೆ ಅಂಗಡಿಯಲ್ಲಿ ಸಿಗುವ ಓದುವ ಕನ್ನಡಕ ಎರಡು, +1.5 ಮತ್ತು +2.5. "ಕನ್ನಡಕ ಮರೆತು ಬಂದೆ" ಎನ್ನುವುದು ಓದಲು ಬಾರದವರ ಹಳೆಯ ನೆಪ. ಆದರೆ ಗುಂಪಿನಲ್ಲಿ ನಲವತ್ತೈದು ದಾಟಿದವರು ಜಾಸ್ತಿ ಇರುವುದರಿಂದ ಎಷ್ಟೋ ಸಲ ಅದು ನಿಜವೂ ಹೌದು. ಕನ್ನಡಕ ಮೇಜಿನ ಮೇಲೆ ಸುಮ್ಮನೆ ಬಿದ್ದಿರಲಿ. ಯಾರಿಗೂ ಎತ್ತಿಕೊಡಬೇಡಿ.

ಗಿಟಾರ್ ಕೊನೆಯ ವಾರದ ತನಕ ಪೆಟ್ಟಿಗೆಯಲ್ಲೇ ಇರಲಿ. ರಾಗ ಬಂದ ಕೂಡಲೇ ಎರಡು ತೊಂದರೆ. ಹಾಡಿನಲ್ಲಿ ಸ್ವರ ಎಳೆಯುತ್ತದೆ, ಮಾತಿನಲ್ಲಿ ಇಲ್ಲದ ಉಚ್ಚಾರದ ತುಂಡುಗಳು, ಅಂದರೆ ಸಿಲಬಲ್‌ಗಳು ಹುಟ್ಟುತ್ತವೆ, ಎಣಿಕೆ ಕೆಡುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ರಾಗದೊಂದಿಗೆ ಸಾಲು ಬಾಯಿಪಾಠವಾಗಿ, ಜನ ಕಾಗದ ನೋಡುತ್ತಿರುವಂತೆ ಕಂಡರೂ ಓದುತ್ತಿರುವುದಿಲ್ಲ.

ಎರಡು ಗಂಟೆ ಹೇಗೆ ಕಳೆಯಬೇಕು

ಮೊದಲ ಹದಿನೈದು ನಿಮಿಷ ಕಾಗದವಿಲ್ಲ. ಎಲ್ಲರೂ ವೃತ್ತವಾಗಿ ನಿಂತು ತಮ್ಮ ಹೆಸರನ್ನು ಚಪ್ಪಾಳೆಯಲ್ಲಿ ಒಡೆಯುತ್ತಾರೆ, ಒಂದು ಸಿಲಬಲ್‌ಗೆ ಒಂದು ಚಪ್ಪಾಳೆ. ಮುಂದಿನ ಇಪ್ಪತ್ತು ನಿಮಿಷ ಒಂದು ಆರಂಭ ಕೊಟ್ಟು ಸುತ್ತು ಹಾಕಿಸಿ. "ದಾಂ ಮಾ ರ‍್ಯೂ", ಅಂದರೆ "ನನ್ನ ಬೀದಿಯಲ್ಲಿ", ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ. ಎಲ್ಲರಿಗೂ ಬೀದಿ ಇದೆ, ಯಾರೂ ತಮ್ಮ ಬಾಳಿನ ಗಾಯ ತೋರಿಸಬೇಕಾಗಿಲ್ಲ. "ನನ್ನ ಬಾಲ್ಯ", "ನನ್ನ ಶಾಲೆ" ಮೊದಲ ದಿನ ಕೊಡಬೇಡಿ. ಕೋಣೆಯಲ್ಲಿ ಅಳು ಶುರುವಾದರೆ ಅದನ್ನು ಸಂಭಾಳಿಸುವ ತರಬೇತಿ ನಿಮಗಿಲ್ಲ.

ಆಮೇಲೆ ನಲವತ್ತು ನಿಮಿಷ ಬರೆಸುವುದು. ಹತ್ತು ನಿಮಿಷ ಕಾಫಿ, ಇದನ್ನು ಬಿಡಬೇಡಿ, ಬಿಟ್ಟುಹೋಗುವ ಮಾತು ಮೊದಲು ಕೇಳಿಬರುವುದೇ ಅಲ್ಲಿ. ಉಳಿದ ಮೂವತ್ತೈದರಲ್ಲಿ ಮೂವತ್ತು ನಿಮಿಷ ಜೋಡಿಯಾಗಿ ಓದು, ಕೊನೆಯ ಐದು ನಿಮಿಷ ಒಬ್ಬೊಬ್ಬರೂ ತಮಗಿಷ್ಟವಾದ ಒಂದು ಸಾಲು ಹೇಳಿ ಹೊರಡುವುದು.

ಬರೆಸುವ ಕ್ರಮಕ್ಕೆ ಅಲ್ಲಿ ದಿಕ್ತೇ ಅ ಲಾದ್ಯುಲ್ತ್ ಎನ್ನುತ್ತಾರೆ: ಕಲಿಯುವವರು ಹೇಳುತ್ತಾರೆ, ಬರವಣಿಗೆ ಬಲ್ಲವರು ಅದನ್ನು ಅವರ ಕಣ್ಣೆದುರೇ ಬರೆಯುತ್ತಾರೆ. ಒಂದು ಸಾಲನ್ನು ಹತ್ತಿರದಿಂದ ನೋಡೋಣ.

ಯಾರೋ ಹೇಳುತ್ತಾರೆ: "ದಾಂ ಮಾ ರ‍್ಯೂ, ಯಾ ಪಾ ದಾರ್ಬ್ರ್." ನನ್ನ ಬೀದಿಯಲ್ಲಿ ಮರ ಇಲ್ಲ. ಬೆರಳು ಮಡಿಸಿ ಎಣಿಸಿದರೆ ಆರು ಸಿಲಬಲ್. ಫ್ರೆಂಚ್ ಪದ್ಯದ ಹಳೆಯ ಹನ್ನೆರಡು ಸಿಲಬಲ್‌ನ ಸಾಲು ಇದೆಯಲ್ಲ, ಅದರ ಸರಿಯಾಗಿ ಅರ್ಧ. ಇದನ್ನು ಅವರಿಗೆ ಹೇಳಿ. ಶಾಲೆಯಲ್ಲಿ ಹೊಗಳಿಕೆ ಕೇಳದವರು ನೆಟ್ಟಗೆ ಕೂರುತ್ತಾರೆ.

ಈಗ ದೊಡ್ಡ ಹಾಳೆಯ ಮೇಲೆ ಒಂದೊಂದೇ ಪದ ಬಾಯಲ್ಲಿ ಹೇಳುತ್ತ ಬರೆಯಿರಿ. "ಯಾ" ಬಂದಾಗ ಕೈ ನಿಲ್ಲಿಸಿ. ಕಿವಿಗೆ ಅದು ಒಂದೇ ಸದ್ದು. ಕಾಗದದ ಮೇಲೆ ಎರಡು ಪದ, ವೈ ಒಂದು, ಎ ಒಂದು. ಪುಸ್ತಕದ ಫ್ರೆಂಚಿನಲ್ಲಾದರೆ ಮುಂದೆ "ಇಲ್" ಮತ್ತು ಎನ್ ಅಕ್ಷರವೂ ಸೇರಿ ನಾಲ್ಕು ತುಂಡು. ಅವರು ಹೇಳಿದ್ದು ಪುಸ್ತಕದ ಫ್ರೆಂಚಲ್ಲ. ಹಾಗಾದರೆ ತಿದ್ದಬೇಕೆ? ಬೇಡ. ಹೇಳಿದ್ದನ್ನು ಹೇಳಿದಂತೆ ಬರೆಯಿರಿ, ಪಕ್ಕದಲ್ಲಿ ನೀಲಿ ಮಾರ್ಕರಿನಲ್ಲಿ ಪೂರ್ತಿ ರೂಪ ಬರೆದು ತೋರಿಸಿ. ಯಾವುದು ಇರಬೇಕೆಂಬುದು ಬರೆದವರ ಇಷ್ಟ. ಸ್ಲ್ಯಾಮಿನಲ್ಲಿ ಎರಡೂ ಸಲ್ಲುತ್ತದೆ, ಸರ್ಕಾರಿ ಅರ್ಜಿಯಲ್ಲಿ ನೀಲಿಯದು ಮಾತ್ರ. "ಶೇ ಪಾ" ಎಂಬ ಎರಡು ಸಿಲಬಲ್‌ನ "ಗೊತ್ತಿಲ್ಲ" ಕಾಗದದ ಮೇಲೆ ನಾಲ್ಕು ಪದವಾಗುವುದೂ ಹೀಗೆಯೇ. ಇಂಥ ಹತ್ತು-ಹದಿನೈದು ರೂಪಗಳನ್ನು ಗುರುತಿಸಿದರೆ ದಿನಬಳಕೆಯ ಬರಹದ ಎಷ್ಟೋ ಗಂಟು ಬಿಚ್ಚಿಕೊಳ್ಳುತ್ತದೆ.

ಬಳಿಕ ಕತ್ತರಿ. ದಪ್ಪ ಕಾಗದದ ಪಟ್ಟಿಯ ಮೇಲೆ ಆ ಸಾಲನ್ನು ದೊಡ್ಡದಾಗಿ ಬರೆದು ಪದಪದವಾಗಿ ಕತ್ತರಿಸಿ. ಮೇಲಿನ ಸಾಲಿಗೆ ಎಂಟು ಚೂರು ಬರುತ್ತದೆ. "ದಾರ್ಬ್ರ್" ಕಿವಿಗೆ ಒಂದು, ಕಾಗದಕ್ಕೆ ಎರಡು: ಡಿ ಅಕ್ಷರ ಅಪಾಸ್ಟ್ರೊಫಿ ಸಮೇತ ಒಂದು ಚೂರು, ಮರ ಎಂಬ ಪದ ಇನ್ನೊಂದು. ಅಪಾಸ್ಟ್ರೊಫಿ ಎಡಗಡೆಯ ಚೂರಿನಲ್ಲೇ ಉಳಿಯಬೇಕು, ಬಲಕ್ಕೆ ಹೋದರೆ ನಾಳೆ ಆ ಪದವನ್ನು ಹಾಗೆಯೇ ಬರೆಯುತ್ತಾರೆ. ಚೂರುಗಳನ್ನು ಕಲಸಿ ಕೊಡಿ, ಅವರು ಜೋಡಿಸಲಿ. ಜೋಡಿಸಿದ್ದನ್ನು ಬೆರಳಿಟ್ಟು ಓದಲಿ, ನೋಟ್‌ಬುಕ್ಕಿಗೆ ನಕಲು ಮಾಡಲಿ. ಕೊನೆಗೆ ಚೂರುಗಳು ಹೆಸರು ಬರೆದ ಲಕೋಟೆಗೆ.

ಬಾಯಿಪಾಠವೋ ಓದೋ ಎಂದು ತಿಳಿಯುವುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಮುಂದಿನ ವಾರ ಲಕೋಟೆಯಿಂದ ಒಂದೇ ಒಂದು ಚೂರು ತೆಗೆದು ಏನೆಂದು ಕೇಳಿ. ಬಾಯಿಪಾಠ ಮಾಡಿದವರು ಮೊದಲಿನಿಂದ ಸಾಲು ಹೇಳಿಕೊಂಡು ಬರುತ್ತಾರೆ, ಓದುವವರು ಚೂರನ್ನೇ ಹೇಳುತ್ತಾರೆ.

ಎಣಿಕೆ, ಮತ್ತು ನಮ್ಮ ಕಿವಿಗೆ ಆಗುವ ಮೋಸ

ಪ್ರಸ್ತಾರ ಹಾಕಿ ಬೆಳೆದ ಕನ್ನಡದ ಕಿವಿ ಇಲ್ಲಿ ಎಡವುತ್ತದೆ. ಷಟ್ಪದಿಯಲ್ಲಿ ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಫ್ರೆಂಚಿನಲ್ಲಿ ಸಿಲಬಲ್ ಉದ್ದವಿರಲಿ ಗಿಡ್ಡವಿರಲಿ ಎಲ್ಲಕ್ಕೂ ಒಂದೇ ಲೆಕ್ಕ. ಮಾತ್ರೆ ಮರೆತು ತಲೆ ಎಣಿಸಿದರಾಯಿತು. ಪ್ರಾಸವೂ ಅಷ್ಟೇ: ನಮ್ಮದು ಸಾಲಿನ ಎರಡನೆಯ ಅಕ್ಷರದಲ್ಲಿ, ಅವರದು ಸಾಲಿನ ಬಾಲದಲ್ಲಿ.

ತೊಡಕಿರುವುದು ಕೊನೆಯಲ್ಲಿ ನುಂಗಿಹೋಗುವ ಇ ಅಕ್ಷರದಲ್ಲಿ. (ಅಕ್ಷರಗಳ ಹೆಸರನ್ನು ಇಲ್ಲೆಲ್ಲ ನಮಗೆ ರೂಢಿಯಿರುವ ಇಂಗ್ಲಿಷ್ ಉಚ್ಚಾರದಲ್ಲೇ ಕೊಟ್ಟಿದೆ, ಫ್ರೆಂಚರ ಎದುರು ಹೀಗೆ ಹೇಳಿದರೆ ಎ-ಇ-ಐ ಮೂರೂ ಅದಲುಬದಲಾಗುತ್ತವೆ.) "ಪುಟ್ಟ ಹುಡುಗಿ" ಎಂಬುದನ್ನು ಪ್ಯಾರಿಸ್ಸಿನ ಬಾಯಿ "ಲಾ ಪ್ತಿತ್ ಫೀಯ್" ಎಂದು ಮೂರು ಸಿಲಬಲ್‌ನಲ್ಲಿ ಮುಗಿಸುತ್ತದೆ. ಸಾಲಿನ ಕೊನೆಯಲ್ಲಿ ಬಂದರೆ ಹಳೆಯ ಛಂದಸ್ಸಿನ ಪ್ರಕಾರ ಅದು ಐದು. ದಕ್ಷಿಣದ ಮಾರ್ಸೇಯ ಕಡೆಯವರು ಒಂದೊಂದು ಇ-ಯನ್ನೂ ಬಿಡದೆ ಹೇಳಿದರೆ ಆರು. ಯಾವುದು ಸರಿ? ಹೇಳುವವರ ಬಾಯಿಯದೇ ಸರಿ. ಛಂದಸ್ಸಿನ ನಿಯಮ ಹೇರಿದರೆ ಅವರು ತಮ್ಮ ಕಿವಿಯ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ, ಇರುವ ಒಂದೇ ಬಂಡವಾಳ ಅದು. ಎಣಿಕೆ ಬಾಯಿಯದು, ಅಕ್ಷರ ಮಾತ್ರ ಕಾಗದದ್ದು. ನುಂಗಿದ ಇ-ಗಳನ್ನು ನೀಲಿಯಲ್ಲಿ ಬರೆಯಿರಿ, ಅಷ್ಟು ಸಾಕು. ಕ್ವಿಬೆಕ್‌ನಲ್ಲಿ ನಡೆಸುವವರು ಇನ್ನೊಂದು ಗಮನಿಸಬೇಕು: ಅಲ್ಲಿ "ತ್ಯು" ಎಂಬುದು "ತ್ಸ್ಯು" ಆಗುತ್ತದೆ. ಅದಕ್ಕೆ ಎಸ್ ಸೇರಿಸಿ ಬರೆದರೆ ಕಿವಿಯದು ತಪ್ಪಿಲ್ಲ, ಬರೆದವರು ಸೂಕ್ಷ್ಮವಾಗಿ ಕೇಳಿಸಿಕೊಂಡಿದ್ದಾರೆ.

ಮೆಟ್ರೊನೋಮನ್ನು ನಿಮಿಷಕ್ಕೆ 80 ಬಡಿತಕ್ಕೆ ಇಡಿ. ಒಂದು ಸಾಲಿಗೆ ನಾಲ್ಕು ಬಡಿತ, ಅಂದರೆ ಮೂರು ಸೆಕೆಂಡು. ಎರಡು ಸಾಲಿಗೊಮ್ಮೆ ನಾಲ್ಕು ಬಡಿತ ಬಿಡುವು. ಹದಿನಾರು ಸಾಲು ಒಂದೂಕಾಲು ನಿಮಿಷದಲ್ಲಿ ಮುಗಿಯುತ್ತದೆ. 100ರ ಮೇಲೆ ಏರಿಸಿದರೆ ಓದುವ ಕಣ್ಣು ಬಾಯಿಗಿಂತ ಹಿಂದೆ ಬೀಳುತ್ತದೆ, ಸಾಲಿನ ಕೊನೆಯ ಪದ ಊಹೆಯಾಗುತ್ತದೆ. ಯಾರಾದರೂ ಪದೇಪದೇ ಸಾಲಿನ ಕೊನೆಯಲ್ಲೇ ತಪ್ಪುತ್ತಿದ್ದರೆ ಮೊದಲು ವೇಗ ಇಳಿಸಿ, ಆಮೇಲೆ ಓದಿನ ಬಗ್ಗೆ ಚಿಂತಿಸಿ.

ಪ್ರಾಸದ ಗೋಡೆ

ಮೂರನೆಯ ವಾರ ಗೋಡೆಗೆ ಒಂದು ಹಾಳೆ ಅಂಟಿಸಿ, ನೆತ್ತಿಯಲ್ಲಿ ಒಂದೇ ಸದ್ದು: ಓ. ಈ ಸದ್ದಿಗೆ ಮುಗಿಯುವ ಪದ ಹೇಳಿ ಎಂದರೆ ಎರಡು ನಿಮಿಷದಲ್ಲಿ ಹಾಳೆ ತುಂಬುತ್ತದೆ. ಮೋತೋ, ಬಾತೋ, ಶೋ, ತ್ರೋ, ಮೋ, ಗ್ರೋ. ಮೋಟರ್‌ಸೈಕಲ್, ದೋಣಿ, ಬಿಸಿ, ಅತಿ, ಪದ, ದಪ್ಪ. ಕಿವಿಗೆ ಆರೂ ಒಂದೇ ಬಳ್ಳಿಯ ಕಾಯಿ. ಬರೆದಾಗ ಬಾಲಗಳು ಆರು ಬಗೆ: ಮೊದಲನೆಯದಕ್ಕೆ ಬರೀ ಓ, ಎರಡನೆಯದಕ್ಕೆ ಇ-ಎ-ಯು, ಮೂರನೆಯದಕ್ಕೆ ಎ-ಯು-ಡಿ, ಆಮೇಲೆ ಓ-ಪಿ, ಓ-ಟಿ, ಓ-ಎಸ್.

ಇಷ್ಟು ದಿನ ತಮ್ಮ ದಡ್ಡತನ ಅಂದುಕೊಂಡದ್ದು ಫ್ರೆಂಚ್ ಕಾಗುಣಿತದ ತುಂಟತನ ಎಂದು ಗೊತ್ತಾಗುವ ಗಳಿಗೆ ಇದು. ಇಲ್ಲಿ ಅವಸರ ಮಾಡಬೇಡಿ. ಬಾಲಗಳನ್ನು ಬೇರೆ ಬೇರೆ ಕಂಬಸಾಲಿನಲ್ಲಿ ಬರೆಯಿಸಿ, ಪ್ರತಿ ವಾರ ಹೊಸ ಪದ ಸೇರುತ್ತ ಹೋಗಲಿ. ಮೌನ ವ್ಯಂಜನ ಯಾವುದೆಂದು ಪತ್ತೆಮಾಡಲು ಒಂದು ಉಪಾಯವನ್ನೂ ಕೊಡಿ: ಪದವನ್ನು ಸ್ತ್ರೀಲಿಂಗ ಮಾಡಿ ಹೇಳಿಸಿ. ಗ್ರೋ "ಗ್ರೋಸ್" ಆಗುತ್ತದೆ, ಅಡಗಿದ ಎಸ್ ಬಾಯಿಗೆ ಬಂತು. ಶೋ "ಶೋದ್" ಆದರೆ ಡಿ ಸಿಕ್ಕಿತು. ಮೋ, ತ್ರೋಗಳಿಗೆ ಈ ಉಪಾಯ ನಡೆಯುವುದಿಲ್ಲ, ಕಣ್ಣಿಗೆ ರೂಢಿಯಾಗಬೇಕು.

ಇಂಥದೇ ಇನ್ನೊಂದು ಉಪಾಯ ಕ್ರಿಯಾಪದದ ಬಾಲಕ್ಕೆ. "ಜೆ ಮಾಂಜೇ" ಎಂದರೆ ತಿಂದೆ, "ಜ್ ವೇ ಮಾಂಜೇ" ಎಂದರೆ ತಿನ್ನಲಿದ್ದೇನೆ. ಕೊನೆಯ ಸದ್ದು ಒಂದೇ. ಮೊದಲನೆಯದಕ್ಕೆ ತಲೆಯ ಮೇಲೆ ಗೀರಿರುವ ಇ, ಎರಡನೆಯದಕ್ಕೆ ಇ-ಆರ್. ಎಲ್ಲಿ ಯಾವುದು? ಆ ಜಾಗದಲ್ಲಿ ಮಾರುವ ಕ್ರಿಯಾಪದ ಇಟ್ಟು ನೋಡಿ. "ಜೆ ವಾಂದ್ಯು" ಎಂದು ಬಾಯಿ ಒಪ್ಪಿದರೆ ಗೀರಿನ ಇ, "ಜ್ ವೇ ವಾಂದ್ರ್" ಎಂದು ಒಪ್ಪಿದರೆ ಇ-ಆರ್. ಫ್ರೆಂಚನ್ನು ಆಡಿ ಬೆಳೆದ ಬಾಯಿ ಇದರಲ್ಲಿ ತಪ್ಪುವುದೇ ಇಲ್ಲ. ಮೂರು ಗುಂಪು ಬೆರೆಸಬೇಡಿ ಎಂದದ್ದು ಇದಕ್ಕೇ: ಫ್ರೆಂಚ್ ಇನ್ನೂ ನಾಲಿಗೆಗೆ ಹತ್ತದವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ, ಉಪಾಯ ಅಲ್ಲೇ ಬಿದ್ದುಹೋಗುತ್ತದೆ.

ತಿದ್ದುವುದು: ಕೆಂಪು ಪೆನ್ನು ಮನೆಯಲ್ಲಿ ಬಿಟ್ಟು ಬನ್ನಿ

ಐದನೆಯ ವಾರಕ್ಕೆ ತಾವೇ ಬರೆಯಲು ಕೂರುತ್ತಾರೆ. ಒಂದು ಪುಟದಲ್ಲಿ ನಲವತ್ತು ತಪ್ಪು ಇರುತ್ತವೆ. ಎಲ್ಲವನ್ನೂ ಗುರುತು ಹಾಕಿದರೆ ಆರನೆಯ ವಾರ ಅವರು ಬರುವುದಿಲ್ಲ. ಒಂದು ಬರಹಕ್ಕೆ ಮೂರೇ ತಿದ್ದುಪಡಿ. ಯಾವ ಮೂರು ಎಂಬುದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ.

ಮೊದಲು ಸದ್ದೇ ತಪ್ಪಿದ್ದು. "ಶಾಪೋ", ಅಂದರೆ ಟೋಪಿ, ಜೆ ಅಕ್ಷರದಿಂದ ಶುರುವಾಗಿದ್ದರೆ ಅದು ಕಾಗುಣಿತದ ತಪ್ಪಲ್ಲ, ಶ-ಜ ಕಿವಿಯಲ್ಲಿ ಬೇರೆಯಾಗುತ್ತಿಲ್ಲ. ಕೈಯನ್ನು ಗಂಟಲ ಮೇಲಿಟ್ಟು ಎರಡನ್ನೂ ಹೇಳಿಸಿ, ಒಂದಕ್ಕೆ ಗಂಟಲು ನಡುಗುತ್ತದೆ, ಇನ್ನೊಂದಕ್ಕೆ ಇಲ್ಲ. ಎರಡನೆಯದು ಪದದ ಗಡಿ. "ಗೆಳೆಯರು" ಎಂಬುದು ಕಿವಿಗೆ "ಲೆಜಾಮಿ". ಅದನ್ನು ಒಂದೇ ಪದವಾಗಿ, ನಡುವೆ ಜೆಡ್ ಹಾಕಿ ಬರೆಯುವವರು ಬೇಕಾದಷ್ಟು. ಕಿವಿ ಸರಿಯಾಗಿಯೇ ಕೇಳಿದೆ. ಆ "ಜ" ಹಿಂದಿನ ಪದದ ಕೊನೆಯ ಎಸ್ ಎಂದು ತೋರಿಸಲು ಕತ್ತರಿಯ ಚೂರುಗಳೇ ಸಾಕು: "ಲೆ" ಚೂರನ್ನು "ಆಮಿ" ಚೂರಿನಿಂದ ದೂರ ಸರಿಸಿದರೆ ಸದ್ದು ಮಾಯ, ಹತ್ತಿರ ತಂದರೆ ಹಾಜರು. ಮೂರನೆಯದು ಬಾಯಿಗೆ ಬಾರದ ವ್ಯಾಕರಣ, ಬಹುವಚನ ಕ್ರಿಯಾಪದದ ಕೊನೆಯ ಇ-ಎನ್-ಟಿಯಂಥದು. ಬಾತೋವನ್ನು ಬರೀ ಓ ಹಾಕಿ ಬರೆದಂಥ ತಪ್ಪುಗಳು ಕೊನೆಗೆ. ಅದು ಒಳ್ಳೆಯ ತಪ್ಪು. ಯಾರು ಓದಿದರೂ ದೋಣಿ ಎಂದೇ ತಿಳಿಯುತ್ತದೆ.

ಐ ಮತ್ತು ಯು ಮೇಲಿನ ಟೋಪಿ ಗುರುತಿನ ವಿಷಯದಲ್ಲಂತೂ ಒಂದು ನಿಮಿಷವೂ ಹಾಳುಮಾಡಬೇಡಿ. 1990ರ ಕಾಗುಣಿತ ಸುಧಾರಣೆ ಕೆಲವೇ ಪದ ಬಿಟ್ಟು ಉಳಿದೆಡೆ ಅದನ್ನು ಐಚ್ಛಿಕ ಮಾಡಿದೆ.

ಪ್ರಗತಿ ಅಳೆಯಲು ಪರೀಕ್ಷೆ ಬೇಡ. ಐದನೆಯ ವಾರ ಮತ್ತು ಎಂಟನೆಯ ವಾರ ಅವರೇ ಒಬ್ಬರೇ ಕೂತು ಬರೆದ ನಾಲ್ಕು ಸಾಲುಗಳನ್ನು ಪಕ್ಕಪಕ್ಕ ಇಟ್ಟು ಪದದ ಗಡಿಗಳನ್ನು ಎಣಿಸಿ. ಗಡಿ ಸರಿಯಾಗಿದ್ದರೆ ಓದು ಹಿಡಿತಕ್ಕೆ ಬಂದಿದೆ. ಕಾಗುಣಿತ ನಿಧಾನಕ್ಕೆ ಬರುತ್ತದೆ.

ವೇದಿಕೆ

ಏಳನೆಯ ವಾರ ಕಂಪ್ಯೂಟರಿನಲ್ಲಿ ಟೈಪು ಮಾಡಿಸಿ. ಕೈಬರಹ ಕೆಟ್ಟದೆಂಬ ನಾಚಿಕೆ ಅಲ್ಲಿ ಕಳೆಯುತ್ತದೆ. ಉಸಿರು ಎಲ್ಲಿ ಎಳೆಯಬೇಕೋ ಅಲ್ಲಿ ಸಾಲು ಒಡೆಯಿರಿ, 16 ಪಾಯಿಂಟಿನ ಅಕ್ಷರ, ಸಾಲಿನ ನಡುವೆ ಒಂದೂವರೆ ಪಟ್ಟು ಅಂತರ, ಪುಟ ತಿರುವಬೇಕಾಗದಂತೆ ಒಂದೇ ಹಾಳೆ. ಎಂಟನೆಯ ವಾರ ಮೈಕಿನ ಮುಂದೆ. ಬಾಯಿಗೂ ಮೈಕಿಗೂ ಅಂಗೈ ಅಗಲದ ದೂರ. ಕಾಗದವನ್ನು ಕೈಯಲ್ಲಿ ಹಿಡಿಸಬೇಡಿ, ನಡುಗುವ ಕೈ ಕಾಗದವನ್ನೂ ನಡುಗಿಸಿ ಸಾಲು ತಪ್ಪಿಸುತ್ತದೆ. ಸ್ವರಲಿಪಿ ಇಡುವ ಸ್ಟ್ಯಾಂಡು ಎದೆಮಟ್ಟಕ್ಕೆ ಇರಲಿ. ಓದಲಾರೆ ಎನ್ನುವವರ ಜತೆ ಇನ್ನೊಬ್ಬರು ಒಂದು ಸಾಲು ಬಿಟ್ಟು ಒಂದು ಸಾಲು ಓದಬಹುದು.

ಸ್ಲ್ಯಾಮ್ ವೇದಿಕೆಯ ರೂಢಿ ಸರಳ: ಸ್ವಂತ ಬರಹ, ಮೂರು ನಿಮಿಷ, ವೇಷ ಇಲ್ಲ, ಸಾಮಗ್ರಿ ಇಲ್ಲ, ಸಂಗೀತ ಇಲ್ಲ. ಫ್ರಾನ್ಸಿನ ಕೆಫೆಗಳಲ್ಲಿ "ಒಂದು ಪದ್ಯ ಹೇಳಿದವರಿಗೆ ಒಂದು ಲೋಟ ಪಾನೀಯ" ಎಂಬ ಸಂಪ್ರದಾಯವೂ ಇದೆ. ಮೂವತ್ತು-ನಲವತ್ತು ಜನ ಹಿಡಿಯುವ ಕೋಣೆ ಸಾಕು. ನೀವು ಹೆಸರಾಂತ ಕಲಾವಿದರಾಗಿದ್ದರೆ ಕೊನೆಯಲ್ಲಿ ಬರಬೇಡಿ. ಮೊದಲು ಬಂದು ಎರಡು ನಿಮಿಷದಲ್ಲಿ ಮುಗಿಸಿ ಕೆಳಗೆ ಕೂತುಬಿಡಿ. ಕೊನೆಗೆ ಬಂದರೆ ಮೊಬೈಲುಗಳೆಲ್ಲ ನಿಮಗಾಗಿ ಕಾಯುತ್ತಿರುತ್ತವೆ.

ಫೋಟೊ, ವಿಡಿಯೋ ವಿಷಯ ಗಟ್ಟಿಯಾಗಿ ಹಿಡಿಯಬೇಕು. ಇಂಥ ಕೂಟದಲ್ಲಿ ಮುಖ ಕಂಡಿತೆಂದರೆ, ಓದಲು ಬಾರದೆಂಬ ಸಂಗತಿಯನ್ನು ಇಪ್ಪತ್ತು ವರ್ಷ ಮುಚ್ಚಿಟ್ಟವರ ಗುಟ್ಟು ಅವರ ಮಾಲೀಕರ ತನಕ ಹೋಗಬಹುದು. ಮುಖ ಬಳಸಲು ಬರೆದ ಒಪ್ಪಿಗೆ ಬೇಕು, ಆದರೆ ಒಪ್ಪಿಗೆ ಪತ್ರವನ್ನು ಅವರೇ ಓದಲಾರರು. ಎಲ್ಲರೆದುರು ಅಲ್ಲ, ಒಬ್ಬೊಬ್ಬರಿಗೇ ಬೇರೆಯಾಗಿ ಓದಿ ಹೇಳಿ, ಒಂದು ವಾರ ಬಿಟ್ಟು ಸಹಿ ಕೇಳಿ. ಸ್ಲ್ಯಾಮಿನವರು ಕಾವ್ಯನಾಮಕ್ಕೆ ಬ್ಲಾಜ್ ಎನ್ನುತ್ತಾರೆ. ಬೇಕಾದವರು ಅದರ ಹಿಂದೆ ಮರೆಯಾಗಲಿ.

ದುಡ್ಡು, ಕಾನೂನು

ಹೊಸ ಸಂಘ ಕಟ್ಟಲು ಫ್ರಾನ್ಸಿನಲ್ಲಿ 1901ರ ಕಾಯ್ದೆಯಡಿ ಇಬ್ಬರು ಸಾಕು. ಆದರೂ ಕಟ್ಟಬೇಡಿ. ಮೊದಲ ವರ್ಷ ಈಗಾಗಲೇ ಇರುವ ಸಂಘದ ನೆರಳಲ್ಲಿ ನಡೆಸಿದರೆ ವಿಮೆ, ಕೋಣೆ, ಫೋರ್ಮತ್ಯೋರ್ ಮೂರೂ ಸಿಗುತ್ತವೆ. ಹಾಸ್ಯಗಾರ ಕೊಲ್ಯೂಷ್ 1985ರಲ್ಲಿ ಊಟ ಹಂಚಲು ಶುರುಮಾಡಿದ ರೆಸ್ತೋ ದ್ಯು ಕ್ಯೋರ್, ಕಲಾವಿದರ ತಂಡವೊಂದು ವರ್ಷವರ್ಷ ಕೊಡುವ ಸಂಗೀತ ಕಚೇರಿಗಳಿಂದಲೂ ಹಣ ಪಡೆಯುತ್ತದೆ, ಊಟದ ಜತೆ ಫ್ರೆಂಚ್ ಕಲಿಕೆಯ ಕೂಟಗಳನ್ನೂ ನಡೆಸುತ್ತದೆ. ಬೆಲ್ಜಿಯಂನಲ್ಲಿ ಲೀರ್ ಎ ಎಕ್ರೀರ್, ಕ್ವಿಬೆಕ್‌ನಲ್ಲಿ ಫೋಂದಾಸ್ಯೋಂ ಪೂರ್ ಲಾಲ್ಫಾಬೆತಿಜಾಸ್ಯೋಂ ಇದೇ ಕ್ಷೇತ್ರದಲ್ಲಿವೆ.

ಇಂಥ ಕೂಟ ಅಗ್ಗ. ಕಾಗದ, ಕಾಫಿ, ಮುದ್ರಣ, ಅಷ್ಟೇ. ದೊಡ್ಡ ಖರ್ಚು ಫೋರ್ಮತ್ಯೋರ್ ಸಂಬಳ. ಸಂಗೀತ ಕಚೇರಿ ನಡೆಸಿ ಹಣ ಎತ್ತುವುದಾದರೆ ಅದನ್ನು ಅದಕ್ಕೇ ಮೀಸಲಿಡಿ. ಕಚೇರಿಯಲ್ಲಿ ಬೇರೆಯವರ ಹಾಡು ಹಾಡುವುದಿದ್ದರೆ, ಟಿಕೆಟ್ ಇರಲಿ ಬಿಡಲಿ, ಫ್ರಾನ್ಸಿನಲ್ಲಿ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಸಾಸೆಮ್ ಸಂಸ್ಥೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಿರಿ. ಕೂಟದಲ್ಲಿ ಹುಟ್ಟಿದ ಸಾಲುಗಳ ಹಕ್ಕು ಅವನ್ನು ಹೇಳಿದವರದು, ಬರೆದುಕೊಂಡ ನಿಮ್ಮದಲ್ಲ. ಒಂದು ಸಾಲನ್ನು ನಿಮ್ಮ ಆಲ್ಬಮ್ಮಿಗೆ ತೆಗೆದುಕೊಂಡರೂ ಲಿಖಿತ ಒಪ್ಪಿಗೆ ಮತ್ತು ಹೆಸರು ಬೇಕು. ಈ ಕ್ಷೇತ್ರದಲ್ಲಿ ಜಗಳ ಹುಟ್ಟುವ ಜಾಗ ಇದು.

ಮೂರನೆಯ ವಾರದ ಕಂದಕ

ಮೂರನೆಯ ಮತ್ತು ನಾಲ್ಕನೆಯ ವಾರದ ನಡುವೆ ಜನ ಉದುರುತ್ತಾರೆ. ಆಟದ ಹುಮ್ಮಸ್ಸು ಇಳಿದು, ಇದು ಓದು ಕಲಿಯುವ ಜಾಗ ಎಂದು ಖಾತ್ರಿಯಾಗುವ ಹೊತ್ತು ಅದು. ಬಾರದವರಿಗೆ ಮೆಸೇಜ್ ಕಳಿಸಬೇಡಿ, ಓದಬೇಕಾಗುತ್ತದೆ. ಫೋನ್ ಮಾಡಿ, ಅಥವಾ ಹಿಂದಿನ ವಾರ ಅವರೇ ಹೇಳಿದ ಸಾಲನ್ನು ಗುಂಪು ಒಟ್ಟಿಗೆ ಓದಿದ ಅರ್ಧ ನಿಮಿಷದ ಧ್ವನಿಮುದ್ರಣ ಕಳಿಸಿ. ಕೊನೆಯ ಕ್ಷಣದಲ್ಲಿ ನೀವೇ ಒಂದು ವಾರ ಪ್ರವಾಸಕ್ಕೆ ಹೊರಟರೆ ಮಾತ್ರ ಯಾವ ಧ್ವನಿಮುದ್ರಣವೂ ಉಳಿಸುವುದಿಲ್ಲ. ಹತ್ತು ಶನಿವಾರ ಖಾಲಿ ಇಲ್ಲದಿದ್ದರೆ ಶುರುವೇ ಮಾಡಬೇಡಿ, ಒಂದು ಕಚೇರಿ ನಡೆಸಿ ಹಣ ಕೊಟ್ಟುಬಿಡಿ.

ಗುಂಪಿನಲ್ಲಿ ಒಬ್ಬ ಮಾತುಗಾರ ಇದ್ದೇ ಇರುತ್ತಾನೆ, ಉಳಿದ ಏಳು ಜನರ ಸಮಯವನ್ನೂ ತಿನ್ನುತ್ತಾನೆ. ಬಾಯಿ ಮುಚ್ಚಿಸುವ ಬದಲು ಮೆಟ್ರೊನೋಮ್ ಅವನ ಕೈಗೆ ಕೊಡಿ.

ಒಂಬತ್ತನೆಯ ವಾರ ವೇದಿಕೆ, ಹತ್ತನೆಯ ವಾರ ಪುಸ್ತಿಕೆ. ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಎಂಟು ಜನಕ್ಕೆ ಎಂಟು ಪುಟ, ರಕ್ಷಾಪುಟಕ್ಕೆ ನಾಲ್ಕು, ಒಟ್ಟು ಮೂರು ಹಾಳೆ, ಎರಡು ಸ್ಟೇಪಲ್ ಪಿನ್ನು. ಒಬ್ಬೊಬ್ಬರಿಗೆ ಐದು ಪ್ರತಿ ಕೊಡಿ, ಮನೆಯಲ್ಲಿ ಮಕ್ಕಳಿದ್ದಾರೆ. ಒಂದು ಪ್ರತಿ ಗ್ರಂಥಾಲಯದ ಕಪಾಟಿಗೆ. ಅದೇ ದಿನ ಫೋರ್ಮತ್ಯೋರ್ ತಮ್ಮ ಮಾಮೂಲು ತರಗತಿಯ ದಿನ, ಹೊತ್ತು ಹೇಳಿ, ಬರುತ್ತೇವೆ ಎಂದವರನ್ನು ಆ ಕೋಣೆಯ ತನಕ ನಡೆಸಿಕೊಂಡು ಹೋಗಿ ಕುರ್ಚಿ ತೋರಿಸಿ ಬರಬೇಕು. ವಿಳಾಸ ಬರೆದ ಚೀಟಿ ಕೊಟ್ಟು ಕಳಿಸಿದರೆ ಅರ್ಧ ಜನ ಅಲ್ಲಿಗೆ ತಲುಪುವುದೇ ಇಲ್ಲ. ಆಮೇಲೆ ತಿಂಡಿ. ಗಿಟಾರನ್ನು ಆ ದಿನ ಪೆಟ್ಟಿಗೆಯಿಂದ ತೆಗೆಯಬಹುದು.